ಗ್ಲಿಚ್ ಹಾಪ್ ಟಿಪ್ಪಣಿ: ಬೀಟನ್ನು ಎಲ್ಲಿ ಮುರಿಯಬೇಕು, ಮಾತನ್ನು ಎಲ್ಲಿ ಬಿಡಬೇಕು

ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೊರಟವರ ಜೊತೆ ಫೋನಿನಲ್ಲಿ ಮಾತಾಡಿದ್ದೀರಾ? ಸಿಗ್ನಲ್ ಕಡಿಮೆಯಾದ ಕಡೆ "ಎಲ್ಲಿದೀಯ" ಅನ್ನುವುದು "ಎಲ್ಲಿದೀ" ಹತ್ತಿರ ಸಿಕ್ಕಿಕೊಂಡು ಗೊರಗುಟ್ಟಿ, ಆಮೇಲೆ ಪೂರ್ತಿ ನಿಂತುಹೋಗುತ್ತದೆ. ಮೊಬೈಲ್ ನಮ್ಮ ದನಿಯನ್ನು 20 ಮಿಲಿಸೆಕೆಂಡಿನ ತುಂಡುಗಳಾಗಿ ಕಳಿಸುತ್ತದೆ. ಒಂದು ತುಂಡು ದಾರಿಯಲ್ಲಿ ಕಳೆದರೆ, ಆ ಕಡೆಯ ಫೋನ್ ಹಿಂದಿನ ತುಂಡನ್ನೇ ಬಳಸಿ ಖಾಲಿ ಜಾಗ ತುಂಬುತ್ತದೆ. ಮುಂದಿನವೂ ಬರದಿದ್ದರೆ ದನಿ ಇಳಿಸುತ್ತಾ ಸುಮ್ಮನಾಗುತ್ತದೆ. ಗ್ಲಿಚ್ ಸಂಗೀತದ ಎರಡು ಮುಖ್ಯ ಕೆಲಸ ಇವೇ: ಚಿಕ್ಕ ತುಂಡನ್ನು ಮತ್ತೆ ಮತ್ತೆ ನುಡಿಸುವುದು, ಥಟ್ಟನೆ ನಿಲ್ಲಿಸುವುದು. ಅದನ್ನು ಹಿಪ್‌ಹಾಪ್ ಬೀಟಿನ ಮೇಲೆ, ರ‍್ಯಾಪ್ ಜೊತೆ ಮಾಡಿದರೆ ಗ್ಲಿಚ್ ಹಾಪ್.

ಹಿನ್ನೆಲೆ ಚುಟುಕಾಗಿ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಸದ್ದಿನ ಅಳತೆಗಳು, ಇರುತ್ತವೆ. ಸಣ್ಣ ಗೀರು ಬಿದ್ದರೂ ಪ್ಲೇಯರ್ ತಪ್ಪನ್ನು ತಾನೇ ಸರಿಮಾಡಿಕೊಳ್ಳುತ್ತದೆ. ಸುಮಾರು 2.5 ಮಿಲಿಮೀಟರ್ ಉದ್ದದ ಹಾನಿಯವರೆಗೂ ನಮಗೆ ಗೊತ್ತೇ ಆಗುವುದಿಲ್ಲ. ಅದನ್ನು ಮೀರಿದಾಗ ಮಾತ್ರ ಟಿಕ್ ಟಿಕ್ ಶುರು. 1980ರ ದಶಕದಲ್ಲಿ ಯಸುನಾವೊ ಟೋನೆ ಎಂಬ ಜಪಾನಿ ಕಲಾವಿದರು ಸಿ.ಡಿ.ಗೆ ಟೇಪ್ ಅಂಟಿಸಿ, ಅದರಲ್ಲಿ ಸೂಜಿ ತೂತು ಮಾಡಿ ಈ ಸದ್ದನ್ನು ಬೇಕೆಂದೇ ಹೊರಡಿಸಿದರು. 1990ರ ದಶಕದಲ್ಲಿ ಜರ್ಮನಿಯ ಓವಲ್ ತಂಡ ಹಾಳು ಮಾಡಿದ ಸಿ.ಡಿ.ಗಳಿಂದಲೇ ಆಲ್ಬಂ ಕಟ್ಟಿತು. ಅಲ್ಲಿಗೆ ಗ್ಲಿಚ್ ಬಂತು, ಆದರೆ ಕಾಲು ಕುಣಿಯುವಂಥದ್ದಲ್ಲ.

ಅದಕ್ಕೆ ತಾಳ ಕೊಟ್ಟವರಲ್ಲಿ ಮೊದಲು ಕೇಳಬೇಕಾದವರು ಪ್ರಿಫ್ಯೂಸ್ 73 ಎಂಬ ಹೆಸರಿನ ಅಮೆರಿಕದ ಸಂಗೀತಗಾರ. 2001ರಲ್ಲಿ ವಾರ್ಪ್ ಎಂಬ ರೆಕಾರ್ಡ್ ಕಂಪನಿಯಿಂದ ಬಂದ ಅವರ ಆಲ್ಬಂನಲ್ಲಿ ರ‍್ಯಾಪರ್‌ಗಳ ದನಿಯನ್ನು ಎಷ್ಟು ಸಣ್ಣಗೆ ಕೊಚ್ಚಿದ್ದಾರೆ ಅಂದರೆ ಪದ ಹಿಡಿಯುವುದೇ ಕಷ್ಟ. ಮುಂದೆ ಲಾಸ್ ಏಂಜಲೀಸ್‌ನಲ್ಲಿ 2006ರಿಂದ 2018ರವರೆಗೆ ನಡೆದ ಲೋ ಎಂಡ್ ಥಿಯರಿ ಎಂಬ ವಾರದ ಕ್ಲಬ್ ರಾತ್ರಿ ಈ ಬಗೆಯ ಬೀಟ್‌ಗಳಿಗೆ ದೊಡ್ಡ ನೆಲೆಯಾಯಿತು. ಫ್ಲೈಯಿಂಗ್ ಲೋಟಸ್ ಹೆಸರು ನೀವು ಕೇಳಿರಬಹುದು, ಆ ಬಳಗದವರೇ. ಹೆಸರುಗಳು ಸದ್ಯಕ್ಕೆ ಇಷ್ಟು ಸಾಕು. ಈಗ ಲೆಕ್ಕಕ್ಕೆ ಬರೋಣ, ಕಲಿಯುವವರು ಎಡವುವುದು ಅಲ್ಲೇ.

ನಿಮಿಷಕ್ಕೆ 90 ಬೀಟ್ ಎಂದು ಇಟ್ಟುಕೊಳ್ಳಿ. ಒಂದು ಬೀಟಿಗೆ 667 ಮಿಲಿಸೆಕೆಂಡ್. ಅದರ ಕಾಲು ಭಾಗ 167, ಅಂದರೆ ಸರಿಯಾಗಿ 7,350 ಸ್ಯಾಂಪಲ್. ಇಷ್ಟು ಉದ್ದದ ತುಂಡನ್ನು ಮರುಕಳಿಸಿದರೆ ಕಿವಿಗೆ ತಾಳದಂತೆಯೇ ಕೇಳುತ್ತದೆ. ಅರ್ಧ ಮಾಡಿ, 83. ಈಗ ಉರುಳಿಕೆ. ಇನ್ನೂ ಅರ್ಧ ಮಾಡಿ, 42. ಪಟಪಟ ಅನ್ನುತ್ತದೆ. ಮತ್ತೊಮ್ಮೆ ಅರ್ಧ ಮಾಡಿದರೆ 21 ಮಿಲಿಸೆಕೆಂಡ್, ಸೆಕೆಂಡಿಗೆ 48 ಸಲ. ಇಲ್ಲಿ ಪೆಟ್ಟುಗಳು ಬೇರೆ ಬೇರೆಯಾಗಿ ಕೇಳುವುದೇ ಇಲ್ಲ, ಒಂದೇ ಗುಂಯ್ ಎಂಬ ಸ್ವರವಾಗುತ್ತದೆ. ತುಂಡು ಇನ್ನೂ ಚಿಕ್ಕದಾದಂತೆ ಸ್ವರ ಮೇಲೇರುತ್ತದೆ. ಫೋನಿನ ಗೊರಗೊರವೂ ಇದೇ ಲೆಕ್ಕ. ಒಂದೇ ತುಂಡು ತಾಳವಾಗಿದ್ದು ಶ್ರುತಿಯಾಗುವ ಈ ಗಡಿ ನನಗಂತೂ ಇಡೀ ಪ್ರಕಾರದಲ್ಲೇ ಅತಿ ಸೊಗಸಾದ ಜಾಗ.

ಆದರೆ ಎಲ್ಲವನ್ನೂ ಮುರಿದರೆ ಯಾವುದೂ ಮುರಿದಂತೆ ಕೇಳುವುದಿಲ್ಲ. ಒಂದು ಸಾಲಿನ ನಾಲ್ಕು ಬೀಟ್‌ಗಳಲ್ಲಿ ಒಂದು, ಮೂರನೇ ಎಣಿಕೆಗೆ ಕಿಕ್ (ದಪ್ಪ ಸದ್ದಿನ ದೊಡ್ಡ ಡ್ರಮ್), ಎರಡು, ನಾಲ್ಕಕ್ಕೆ ಸ್ನೇರ್ (ಚಟ್ ಎನ್ನುವ ಡ್ರಮ್). ಕೇಳುವವರ ತಲೆಯಲ್ಲಿ ಇದು ಗಟ್ಟಿಯಾಗಿ ಕೂತಿರಬೇಕು. ಅದಕ್ಕೇ ಮೊದಲ ನಾಲ್ಕು ಸಾಲು ಬೀಟನ್ನು ಮುಟ್ಟಬೇಡಿ. ಪ್ಲಗಿನ್ (ತಂತ್ರಾಂಶಕ್ಕೆ ಸೇರಿಸುವ ಸಣ್ಣ ಸಾಧನ) ಹಾಕಿ ಗುಂಡಿ ಒತ್ತಿ, ಶುರುವಿನಿಂದ ಕೊನೆವರೆಗೂ ಕಟಕಟ ಮಾಡಿದ ಟ್ರ್ಯಾಕ್‌ಗಳು ಬೇಕಾದಷ್ಟಿವೆ. ಎರಡನೇ ನಿಮಿಷಕ್ಕೆ ತಲೆನೋವು, ಅಷ್ಟೇ.

ಈಗ ಮಾತು. ರ‍್ಯಾಪ್ ಕನ್ನಡದಲ್ಲಿದ್ದರೆ ನಮ್ಮ ಹತ್ತಿರ ಒಳ್ಳೆಯ ಅಳತೆಗೋಲು ಇದೆ, ಶಾಲೆಯಲ್ಲಿ ಬೈದುಕೊಂಡು ಕಲಿತ ಲಘು ಗುರು. ಲಘು ಒಂದು ಮಾತ್ರೆ, ಗುರು ಎರಡು. ಬೀಟಿನ ಕಾಲು ಭಾಗಕ್ಕೆ ಒಂದು ಮಾತ್ರೆ ಎಂದು ಹಿಡಿದರೆ ಒಂದು ಬೀಟಿಗೆ ನಾಲ್ಕು, ಒಂದು ಸಾಲಿಗೆ ಹದಿನಾರು. ಉದಾಹರಣೆಗೆ ಸುಮ್ನೆ ಒಂದು ಸಾಲು:

ಮಲೆನಾ | ಡ ಮಳೆಯೊ | ಳಗೆ – – | ನಿಂತೆವು

ಮೊದಲ ಗುಂಪು 1+1+2, ಎರಡನೆಯದು 1+1+1+1. ಮೂರನೆಯದರಲ್ಲಿ ಎರಡೇ ಮಾತ್ರೆ, ಉಳಿದೆರಡು ಖಾಲಿ. ನಾಲ್ಕನೆಯದು 2+1+1. ಸ್ನೇರ್ "ಡ" ಮತ್ತು "ನಿಂ" ಮೇಲೆ ಬೀಳುತ್ತದೆ. ಆ ಖಾಲಿ ಜಾಗ ನೋಡಿ, ಸೆಕೆಂಡಿನ ಮೂರನೇ ಒಂದು ಭಾಗ. ಗ್ಲಿಚ್ ಕೂರಬೇಕಾದದ್ದು ಅಲ್ಲಿ. "ಗೆ" ಬಾಲವನ್ನು ಹಿಡಿದು 83, 42, 21 ಎಂದು ಕಿರಿದು ಮಾಡುತ್ತಾ ಹೋಗಿ. ಸ್ನೇರ್ ಬಡಿಯುವ ಮುಂಚೆ ಒಂದು ಚೂರು ಮೌನ. "ನಿಂತೆವು" ಆಗ ನಿಜಕ್ಕೂ ಬಂದು ನಿಲ್ಲುತ್ತದೆ. ಒಂದು ಅಕ್ಷರವೂ ಕೆಡಲಿಲ್ಲ, ಅಲ್ವಾ?

ಪದದ ಒಳಗೇ ಕತ್ತರಿಸಬೇಕು ಅನ್ನಿಸಿದರೆ ದೀರ್ಘ ಸ್ವರ ಹುಡುಕಿ. "ನಾ" ಒಳಗೆ ಎರಡು ಮಾತ್ರೆ ಜಾಗವಿದೆ, ಅಲ್ಲಿ ಆಡಬಹುದು. ಹ್ರಸ್ವದಲ್ಲಿ ಹುಷಾರು. ಸ್ವರವನ್ನು ಮರುಕಳಿಸಿ ಉದ್ದ ಮಾಡಿದರೆ "ಬಳೆ" ಹೋಗಿ "ಬಾಳೆ" ಆಗುತ್ತದೆ. ವ್ಯಂಜನದ ಜಾಗದಲ್ಲಿ ಇನ್ನೂ ತಮಾಷೆ. "ತ್ತ" ಥರದ ಒತ್ತಕ್ಷರ ಅಂದರೆ ನಾಲಿಗೆ ಮುಚ್ಚಿಕೊಂಡಿರುವ ಹೊತ್ತು ಜಾಸ್ತಿ, ಅಷ್ಟೇ. "ಕತೆ"ಯ ತಕಾರದ ಮುಂಚೆ ಸಣ್ಣ ಮೌನ ಸೇರಿಸಿ ಕೇಳಿ, "ಕತ್ತೆ" ಬರುತ್ತದೆ! ಬೇಕೆಂದೇ ಮಾಡಿದರೆ ಇದು ಒಳ್ಳೆಯ ಶ್ಲೇಷೆ. ಗೊತ್ತಿಲ್ಲದೆ ಆದರೆ ರ‍್ಯಾಪರ್ ಗೆಳೆಯ ಮುನಿಸಿಕೊಳ್ಳುತ್ತಾನೆ.

ಸದ್ದುಗಳಿಗೆ ಅಂತರ್ಜಾಲದ ರೆಡಿಮೇಡ್ ಸದ್ದಿನ ಕಂತೆ ಡೌನ್‌ಲೋಡ್ ಮಾಡುವ ಮುಂಚೆ ಮನೆ ಸುತ್ತ ಕಿವಿ ಕೊಡಿ. ತಗಡಿನ ಮೇಲೆ ಬೀಳುವ ಮಳೆ ಒಂದೇ ಸಮನೆ ಸುರಿಯುವ ಸದ್ದು. ಅದನ್ನು 40 ಮಿಲಿಸೆಕೆಂಡಿನ ಚೂರು ಮಾಡಿ ಕಾಲು ಬೀಟಿಗೊಂದರಂತೆ ಇಟ್ಟರೆ ಹೈಹ್ಯಾಟ್ (ಡ್ರಮ್ ಸೆಟ್ಟಿನ ಜೋಡಿ ತಾಳ) ಸಿದ್ಧ. ಒಣ ಅಡಿಕೆಯನ್ನು ಚೀಲಕ್ಕೆ ಸುರಿಯುವುದನ್ನು ಹತ್ತಿರದಿಂದ ಹಿಡಿದರೆ ನೂರಾರು ಟಿಕ್‌ಗಳು ಪುಕ್ಕಟೆ. ಸಾಗರ, ಸೊರಬದ ಕಡೆಯ ಡೊಳ್ಳು ಕಿಕ್‌ಗೆ ಚೆಂದ, ಆದರೆ ಅದರ ಮೊಳಗು ತುಂಬ ಹೊತ್ತು ಉಳಿಯುತ್ತದೆ, ಬಾಲ ಕತ್ತರಿಸಲೇಬೇಕು. ಡೊಳ್ಳಿನವರನ್ನು ಕೇಳಿಯೇ ರೆಕಾರ್ಡ್ ಮಾಡಿ, ಟ್ರ್ಯಾಕಿನಲ್ಲಿ ಅವರ ಹೆಸರೂ ಇರಲಿ.

ಬಿಟ್ ಇಳಿಸುವುದು, ಅಂದರೆ ಪ್ರತಿ ಸ್ಯಾಂಪಲ್ ಅಳೆಯುವ ಮೆಟ್ಟಿಲುಗಳನ್ನು ಕಡಿಮೆ ಮಾಡುವುದು, ಇನ್ನೊಂದು ಆಟ. 16 ಬಿಟ್‌ನಲ್ಲಿ 65,536 ಮೆಟ್ಟಿಲು, 8ರಲ್ಲಿ 256, ನಾಲ್ಕರಲ್ಲಿ ಬರೀ 16. ಮಳೆಗೆ ಹಾಕಿದರೆ ವ್ಯತ್ಯಾಸ ಅಷ್ಟಾಗಿ ತಿಳಿಯದು. ಡೊಳ್ಳಿಗೆ ಹಾಕಿ, ಬಾಲದಲ್ಲಿ ಮರಳು ಕಲಸಿದಂತೆ ಕೇಳುತ್ತದೆ.

ಕೆಲಸಕ್ಕೆ ಉಚಿತ ತಂತ್ರಾಂಶ ಆಡಾಸಿಟಿ ಸಾಕು. ತುಂಡು ಆರಿಸಿದ ಮೇಲೆ ಝಡ್ ಕೀ ಒತ್ತಿದರೆ ಅಲೆ ಸೊನ್ನೆಯನ್ನು ದಾಟುವ ಜಾಗಕ್ಕೆ ಅಂಚು ಸರಿಯುತ್ತದೆ, ಟಿಕ್ ಸದ್ದು ಬರುವುದಿಲ್ಲ. ಮಾತಿನ ಅಂಚುಗಳಿಗೆ ಝಡ್ ಒತ್ತಿ. ಬೀಟಿನ ಅಂಚುಗಳಿಗೆ ಬೇಡ, ಅಲ್ಲಿ ನಮಗೆ ಆ ಟಿಕ್ ಬೇಕು.