ಕರುಳಿನಲ್ಲಿ ಗಡ್ಡೆ, ಮುಖದಲ್ಲಿ ಬಿಸಿ

ಮೇ ತಿಂಗಳ ಕಲಬುರಗಿಯಲ್ಲಿ ಒಬ್ಬರ ಮುಖ ಕೆಂಪಗಾದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಬಿಸಿಲು 43-44 ಡಿಗ್ರಿ ಮುಟ್ಟುವ ಊರು ಇದು. "ಬಿಸಲಿಗಿ ಹಂಗ ಆಗ್ತದ ಬಿಡವ್ವ" ಅಂತ ಒಂದು ಲೋಟ ಮಜ್ಜಿಗೆ ಕೊಟ್ಟು ಕೂರಿಸುತ್ತಾರೆ. ಭೇದಿಯಾದರೂ ಅಷ್ಟೇ. ನೀರು ಬದಲಾಯ್ತು, ಖಾರ ಜಾಸ್ತಿ ಆಯ್ತು, ಮದುವೆ ಊಟ ಆಗಿಬರಲಿಲ್ಲ ಅಂತಾರೆ. ನಲವತ್ತೈದು ದಾಟಿದ ಹೆಣ್ಣುಮಕ್ಕಳಾದರೆ ಮುಟ್ಟು ನಿಲ್ಲುವ ಕಾಲ ಅಂತಾರೆ. ಬಹಳಷ್ಟು ಸಲ ಇವೇ ನಿಜ. ಆದರೆ ಮುಖದ ಬಿಸಿ ಮತ್ತು ಭೇದಿ ಒಬ್ಬರಲ್ಲೇ, ಚಳಿಗಾಲದಲ್ಲೂ, ತಿಂಗಳುಗಟ್ಟಲೆ ಕಾಣಿಸಿಕೊಂಡರೆ ಇನ್ನೊಂದು ಕಾರಣವನ್ನೂ ನೆನೆಯಬೇಕು. ಅದು ಕಾರ್ಸಿನಾಯ್ಡ್ ಗಡ್ಡೆ.

ಇದು ಅಪರೂಪದ ಕಾಯಿಲೆ, ನಿಜ. ಆದರೂ ಇದರ ಬಗ್ಗೆ ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. ಇದು ಪತ್ತೆಯಾಗಲು ವರ್ಷಗಳೇ ಹಿಡಿಯುತ್ತವೆ. ಅಷ್ಟರಲ್ಲಿ ರೋಗಿ ಹತ್ತು ದವಾಖಾನೆ ಸುತ್ತಿ, ಗ್ಯಾಸ್ ಗುಳಿಗೆ ನುಂಗಿ, ಮನೆಯವರ ಕೈಲಿ "ನಿಂಗೇನೂ ಆಗಿಲ್ಲ" ಅನ್ನಿಸಿಕೊಂಡಿರುತ್ತಾರೆ.

ನಮ್ಮ ಕರುಳಿನ ಒಳಪದರದಲ್ಲಿ ಅಲ್ಲಲ್ಲಿ ಹಾರ್ಮೋನು ತಯಾರಿಸುವ ಜೀವಕೋಶಗಳಿವೆ. ಅವುಗಳಲ್ಲಿ ಒಂದು ಬಗೆಯವು ಸೆರಟೋನಿನ್ ತಯಾರಿಸುತ್ತವೆ. ಸೆರಟೋನಿನ್ ಅಂದರೆ ಮೆದುಳು, ಮನಸ್ಸು ಅಂತ ಕೇಳಿದ್ದೇವೆ, ಅಲ್ವಾ? ಆದರೆ ಮೈಯಲ್ಲಿರುವ ಸೆರಟೋನಿನ್‌ನಲ್ಲಿ ಶೇಕಡ 90ರಷ್ಟು ಇರುವುದು ಹೊಟ್ಟೆಯಲ್ಲೇ. ಕರುಳು ಆಹಾರವನ್ನು ಮುಂದೆ ತಳ್ಳಲು ಅದು ಬೇಕು. ಈ ಜೀವಕೋಶಗಳು ಹತೋಟಿ ತಪ್ಪಿ ಬೆಳೆದರೆ ಅದೇ ಕಾರ್ಸಿನಾಯ್ಡ್ ಗಡ್ಡೆ. ಸಣ್ಣ ಕರುಳಿನ ಕೊನೆಯ ಭಾಗ, ಅಪೆಂಡಿಕ್ಸ್, ಗುದನಾಳ, ಶ್ವಾಸಕೋಶ ಇವು ಅದಕ್ಕೆ ಇಷ್ಟದ ಜಾಗಗಳು. ಬೆಳೆಯುವುದು ತುಂಬಾ ನಿಧಾನ.

ಮ್ಯೂನಿಕ್‌ನ ವೈದ್ಯ ಸೀಗ್‌ಫ್ರೀಡ್ ಓಬರ್ನ್‌ಡೋರ್ಫರ್ 1907ರಲ್ಲಿ ಈ ಹೆಸರಿಟ್ಟರು. ಇದು ಅಪಾಯವಿಲ್ಲದ ಗಡ್ಡೆ ಎಂದೇ ಅವರು ಆಗ ನಂಬಿದ್ದರು. 1929ರಲ್ಲಿ ಅವರೇ ಆ ಮಾತು ತಿದ್ದಿಕೊಂಡು, ಇದು ಬೇರೆ ಕಡೆಗೂ ಹರಡಬಲ್ಲದು ಎಂದು ಬರೆದರು. ಈಗ ವೈದ್ಯರು ಇದನ್ನು ನ್ಯೂರೋಎಂಡೋಕ್ರೈನ್ ಗಡ್ಡೆಗಳ, ಅಂದರೆ ಹಾರ್ಮೋನು ತಯಾರಿಸುವ ಜೀವಕೋಶಗಳಿಂದ ಬೆಳೆಯುವ ಗಡ್ಡೆಗಳ ಗುಂಪಿಗೆ ಸೇರಿಸುತ್ತಾರೆ. 2018ರಲ್ಲಿ ನಟ ಇರ್ಫಾನ್ ಖಾನ್ ತಮಗಿದೆ ಎಂದು ಹೇಳಿಕೊಂಡದ್ದು ಈ ಗುಂಪಿನದೇ ಒಂದು ಗಡ್ಡೆ.

ಗಡ್ಡೆ ಕರುಳಿನಲ್ಲಿ ಮಾತ್ರ ಇರುವಷ್ಟು ದಿನ ಮುಖ ಬಿಸಿಯಾಗುವುದು ಅಪರೂಪ. ಯಾಕೆಂದರೆ ಕರುಳಿನ ರಕ್ತವೆಲ್ಲ ಮೊದಲು ಲಿವರ್‌ಗೆ ಹೋಗುತ್ತದೆ. ಹೆಚ್ಚಾದ ಸೆರಟೋನಿನ್‌ನನ್ನು ಲಿವರ್ ಅಲ್ಲೇ ಒಡೆದು ಹಾಕುತ್ತದೆ. ರೋಗಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾದರೂ ಆಗಾಗ ಹೊಟ್ಟೆ ಹಿಡಿದಂತೆ ನೋವು, ಅಷ್ಟೇ. ಗಡ್ಡೆ ಲಿವರ್‌ಗೇ ಹರಡಿದಾಗ ಕಥೆ ಬದಲಾಗುತ್ತದೆ. ಅಲ್ಲಿಂದ ಹೊರಟ ಸೆರಟೋನಿನ್ ಮತ್ತು ಅದರ ಜೊತೆಗಾರ ರಾಸಾಯನಿಕಗಳು ನೇರ ಹೃದಯದ ಕಡೆ ಹೋಗುವ ರಕ್ತಕ್ಕೆ ಸೇರುತ್ತವೆ. ಆಗ ಕಾಣಿಸುವ ಲಕ್ಷಣಗಳ ಗುಂಪಿಗೆ ಕಾರ್ಸಿನಾಯ್ಡ್ ಸಿಂಡ್ರೋಮ್ ಎಂದು ಹೆಸರು. 1954ರಲ್ಲಿ ಸ್ವೀಡನ್ನಿನ ವೈದ್ಯರು ಇದನ್ನು ಸ್ಪಷ್ಟವಾಗಿ ವಿವರಿಸಿದರು. ಗಡ್ಡೆ ಇದ್ದವರಿಗೆಲ್ಲ ಇದು ಬರುವುದಿಲ್ಲ, ಕೆಲವರಿಗಷ್ಟೇ.

ಆ ಬಿಸಿ ಹೇಗಿರುತ್ತದೆ ಗೊತ್ತೇ? ಕುಳಿತಲ್ಲೇ ಮುಖ, ಕಿವಿ, ಕುತ್ತಿಗೆ, ಎದೆಯ ಮೇಲ್ಭಾಗ ಧಗ್ ಅನ್ನುತ್ತವೆ. ಎದೆ ಡವಡವ ಹೊಡೆದುಕೊಳ್ಳಬಹುದು. ಕೆಲವು ನಿಮಿಷಕ್ಕೆ ಇಳಿಯುತ್ತದೆ, ಮತ್ತೆ ಬರುತ್ತದೆ. ಮುಟ್ಟು ನಿಲ್ಲುವ ಕಾಲದ ಬಿಸಿಯಲ್ಲಿ ಬೆವರು ಸುರಿಯುತ್ತದೆ. ಇದರಲ್ಲಿ ಸಾಮಾನ್ಯವಾಗಿ ಚರ್ಮ ಒಣಗಿಯೇ ಇರುತ್ತದೆ. ಇನ್ನೊಂದು ಮಾತು. ಕೆಂಪು ಬಣ್ಣ ಎದ್ದು ಕಾಣುವುದು ಬಿಳಿ ಚರ್ಮದಲ್ಲಿ. ನಮ್ಮ ಕಪ್ಪು, ಗೋಧಿ ಬಣ್ಣದ ಮೈಮೇಲೆ ಅದು ಕಾಣದೇ ಹೋಗಬಹುದು. ಆದ್ದರಿಂದ "ಕೆಂಪಗಾಗಿಲ್ಲವಲ್ಲ" ಅಂತ ತಳ್ಳಿಹಾಕದೆ, ಬಿಸಿ ಎದ್ದಾಗ ಕೆನ್ನೆ ಮುಟ್ಟಿ ನೋಡಬೇಕು. ಮದ್ಯ ಕುಡಿದಾಗ, ಸಿಟ್ಟು, ಗಾಬರಿಯಾದಾಗ ಇದು ಹೆಚ್ಚು. ಭೇದಿಯೂ ಬೇರೆ ಥರದ್ದು. ನೀರಿನಂತೆ, ದಿನಕ್ಕೆ ಹಲವು ಸಲ. ಉಪವಾಸ ಇದ್ದರೂ ನಿಲ್ಲುವುದಿಲ್ಲ, ರಾತ್ರಿ ನಿದ್ದೆಯಿಂದಲೂ ಎಬ್ಬಿಸುತ್ತದೆ. ಕೆಲವರಿಗೆ ಉಬ್ಬಸವೂ ಇರುತ್ತದೆ.

ಹೃದಯದ ಮೇಲಿನ ಪರಿಣಾಮ ಇನ್ನೂ ವಿಚಿತ್ರ. ಹೃದಯದ ಬಲಭಾಗದ ಕವಾಟಗಳು ದಪ್ಪಗಾಗಿ ಬಿಗಿಯುತ್ತವೆ, ಎಡಭಾಗಕ್ಕೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ರಕ್ತ ಬಲಭಾಗದಿಂದ ಶ್ವಾಸಕೋಶಕ್ಕೆ ಹೋಗಿ ಎಡಕ್ಕೆ ಬರುತ್ತದೆ. ಶ್ವಾಸಕೋಶ ಆ ಸೆರಟೋನಿನ್‌ನನ್ನು ಬಹುಮಟ್ಟಿಗೆ ಒಡೆದು ಹಾಕಿರುತ್ತದೆ. ಕಾಲು ಊದಿಕೊಂಡು ಹೃದಯದ ಡಾಕ್ಟರ ಹತ್ತಿರ ಬಂದವರಲ್ಲಿ ಕೊನೆಗೆ ಕರುಳಿನ ಗಡ್ಡೆ ಸಿಗುವುದು ಹೀಗೆ.

ಜೋಳದ ನಾಡಿನ ನಾವು ಗಮನಿಸಲೇಬೇಕಾದ ಇನ್ನೊಂದು ಸಂಗತಿ ಇದೆ. ಸೆರಟೋನಿನ್ ತಯಾರಾಗುವುದು ಊಟದಲ್ಲಿರುವ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದಿಂದ. ಸಾಮಾನ್ಯವಾಗಿ ಅದರಲ್ಲಿ ಶೇಕಡ 1ರಷ್ಟು ಮಾತ್ರ ಇದಕ್ಕೆ ಖರ್ಚಾಗುತ್ತದೆ. ಈ ಕಾಯಿಲೆಯಲ್ಲಿ ಶೇಕಡ 60ರವರೆಗೂ ಗಡ್ಡೆಯೇ ಕಬಳಿಸಬಹುದು. ಅದೇ ಟ್ರಿಪ್ಟೊಫ್ಯಾನ್‌ನಿಂದ ನಮ್ಮ ಮೈ ನಯಾಸಿನ್ ಎಂಬ ಬಿ ಜೀವಸತ್ವವನ್ನೂ ಮಾಡಿಕೊಳ್ಳುತ್ತದೆ. ಅದು ಕಡಿಮೆಯಾದರೆ ಪೆಲಾಗ್ರ ಬರುತ್ತದೆ. ಬಿಸಿಲು ಬೀಳುವ ಕುತ್ತಿಗೆ, ಮುಂಗೈ, ಪಾದದ ಚರ್ಮ ಕಪ್ಪಾಗಿ ಒರಟಾಗುತ್ತದೆ. ಭೇದಿ ಆಗುತ್ತದೆ, ಮರೆವು, ಗೊಂದಲ ಕಾಡುತ್ತವೆ. ದಖ್ಖನ್ನಿಗೆ ಇದು ಹೊಸ ಕಾಯಿಲೆಯಲ್ಲ. ಬರೀ ಜೋಳವನ್ನೇ ನೆಚ್ಚಿಕೊಂಡ ಬಡವರಲ್ಲಿ ಪೆಲಾಗ್ರ ಯಾಕೆ ಎಂದು ಹೈದರಾಬಾದಿನಲ್ಲಿ ಪೋಷಣೆಯ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ ಹುಡುಕಿದರು. ಜೋಳದಲ್ಲಿ ಜಾಸ್ತಿ ಇರುವ ಲ್ಯೂಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಇದಕ್ಕೆ ಕಾರಣವಿರಬಹುದು ಎಂದು 1960ರಲ್ಲಿ ಬರೆದರು. ರೊಟ್ಟಿಯ ಜೊತೆ ತೊಗರಿ ಬೇಳೆ, ಪಲ್ಯ, ಹಾಲು, ಮೊಸರು ಉಣ್ಣುವವರಿಗೆ ಹೆದರಿಕೆಯಿಲ್ಲ. ರೊಟ್ಟಿ ಬಿಡಬೇಡಿ. ಆದರೆ ಚೆನ್ನಾಗಿ ಉಣ್ಣುವ ಮನೆಯ ವ್ಯಕ್ತಿಯ ಕುತ್ತಿಗೆ ಸುತ್ತ ಇಂಥ ಕಪ್ಪು ಪಟ್ಟಿ ಕಂಡು, ಜೊತೆಗೆ ಭೇದಿಯೂ ಇದ್ದರೆ, ಊಟದ ಕೊರತೆ ಅಂತ ಸುಮ್ನೆ ಬಿಡುವಂತಿಲ್ಲ.

ಪತ್ತೆ ಮಾಡುವ ಮೊದಲ ಪರೀಕ್ಷೆ ಮೂತ್ರದ್ದು. ಸೆರಟೋನಿನ್ ಒಡೆದಾಗ ಉಳಿಯುವ ಫೈವ್-ಎಚ್‌ಐಎಎ ಎಂಬ ವಸ್ತುವನ್ನು ಅಳೆಯುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಹೋದ ಮೂತ್ರ ಬಿಟ್ಟುಬಿಡಬೇಕು. ಆಮೇಲಿನದ್ದೆಲ್ಲ, ಮರುದಿನ ಬೆಳಗಿನ ಮೊದಲ ಮೂತ್ರವೂ ಸೇರಿ, ಲ್ಯಾಬಿನವರು ಕೊಟ್ಟ ಕ್ಯಾನಿನಲ್ಲಿ ಕೂಡಿಸಬೇಕು. ನಡುವೆ ಒಂದು ಸಲ ಮರೆತರೂ ಲೆಕ್ಕ ತಪ್ಪುತ್ತದೆ. ಅದಕ್ಕೂ ಮುಖ್ಯವಾದದ್ದು ಊಟದ ಪಥ್ಯ. ಪರೀಕ್ಷೆಗೆ ಮೂರು ದಿನ ಮೊದಲಿಂದ ಬಾಳೆಹಣ್ಣು, ಅನಾನಸ್, ಟೊಮೆಟೊ, ಅಕ್ರೋಟು, ಬದನೆಕಾಯಿ ಬಿಡಬೇಕು. ಇವುಗಳಲ್ಲೇ ಸೆರಟೋನಿನ್ ಇರುತ್ತದೆ. ನಮ್ಮ ಕಡೆ ಎಣ್ಣೆಗಾಯಿ ಇಲ್ಲದ ವಾರ ಯಾವುದಿದೆ ಹೇಳಿ! ಪಥ್ಯ ಮಾಡದೆ ಪರೀಕ್ಷೆ ಮಾಡಿಸಿದರೆ ಇಲ್ಲದ ರೋಗ ಇದೆ ಅನ್ನಿಸಬಹುದು. ಕ್ರೋಮೋಗ್ರಾನಿನ್ ಎಂಬ ರಕ್ತಪರೀಕ್ಷೆಯೂ ಇದೆ. ಒಮಿಪ್ರಜೋಲ್, ಪ್ಯಾಂಟೊಪ್ರಜೋಲ್ ಥರದ ಗ್ಯಾಸ್ ಗುಳಿಗೆ ತೆಗೆದುಕೊಳ್ಳುವವರಲ್ಲಿ ಅದೂ ಸುಳ್ಳೇ ಏರುತ್ತದೆ. ಆ ಗುಳಿಗೆಗಳನ್ನು ಡಾಕ್ಟರಿಗೆ ಮೊದಲೇ ಹೇಳಿ.

ಗಡ್ಡೆ ಎಲ್ಲಿದೆ ಎಂದು ತಿಳಿಯಲು ಸಿ.ಟಿ. ಜೊತೆಗೆ ಗ್ಯಾಲಿಯಂ ಡೋಟಾಟೇಟ್ ಪೆಟ್ ಸ್ಕ್ಯಾನ್ ಮಾಡುತ್ತಾರೆ. ಬೀದರ್, ಕಲಬುರಗಿ, ಯಾದಗಿರಿಯವರಿಗೆ ಇಂಥ ಸ್ಕ್ಯಾನಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ.

ಸಣ್ಣ ಗಡ್ಡೆಯನ್ನು ಪೂರ್ತಿ ತೆಗೆದರೆ ಗುಣವಾಗುವ ಸಾಧ್ಯತೆ ಹೆಚ್ಚು. ಅಪೆಂಡಿಕ್ಸ್ ಆಪರೇಷನ್ ಆದಮೇಲೆ ವರದಿಯಲ್ಲಿ 1 ಸೆಂಟಿಮೀಟರಿಗಿಂತ ಸಣ್ಣ ಕಾರ್ಸಿನಾಯ್ಡ್ ಇತ್ತು ಎಂದು ಬಂದರೆ ಸಾಮಾನ್ಯವಾಗಿ ಬೇರೆ ಚಿಕಿತ್ಸೆಯೇ ಬೇಕಿಲ್ಲ. ಲಿವರ್‌ಗೆ ಹರಡಿದ್ದರೂ ವರ್ಷಗಟ್ಟಲೆ ಚೆನ್ನಾಗಿ ಬದುಕುವವರಿದ್ದಾರೆ. ಆಕ್ಟ್ರಿಯೋಟೈಡ್ ಎಂಬ ಚುಚ್ಚುಮದ್ದು ಗಡ್ಡೆ ಹಾರ್ಮೋನು ಚೆಲ್ಲುವುದನ್ನು ತಡೆಯುತ್ತದೆ, ಬೆಳವಣಿಗೆಯನ್ನೂ ನಿಧಾನ ಮಾಡುತ್ತದೆ. ನಿಧಾನವಾಗಿ ಕರಗುವ ಬಗೆಯದನ್ನು 28 ದಿನಕ್ಕೊಮ್ಮೆ ಸೊಂಟಕ್ಕೆ ಕೊಡುತ್ತಾರೆ. ಅದು ಸಾಲದಿದ್ದರೆ ಲ್ಯುಟೀಷಿಯಂ ಎಂಬ ವಿಕಿರಣ ಔಷಧಿ ಇದೆ. ಅದು ರಕ್ತದ ಮೂಲಕ ಹೋಗಿ ಗಡ್ಡೆಗೇ ಅಂಟಿಕೊಂಡು ಒಳಗಿಂದ ಸುಡುತ್ತದೆ. ಲ್ಯುಟೀಷಿಯಂ ನಮ್ಮ ಮುಂಬೈನ ಟ್ರಾಂಬೆಯ ಅಣು ರಿಯಾಕ್ಟರಿನಲ್ಲೂ ತಯಾರಾಗುತ್ತದೆ.

ಈ ಕಾಯಿಲೆ ಇರುವವರು ಯಾವ ಆಪರೇಷನ್‌ಗೆ ಹೋದರೂ ಅರಿವಳಿಕೆ ಕೊಡುವ ಡಾಕ್ಟರಿಗೆ ಮೊದಲೇ ಹೇಳಬೇಕು. ಹಲ್ಲು ಕೀಳಿಸುವಾಗಲೂ ಹೇಳಬೇಕು. ಆ ಹೊತ್ತಿನಲ್ಲಿ ಗಡ್ಡೆ ಒಮ್ಮೆಲೇ ಹಾರ್ಮೋನು ಚೆಲ್ಲಿ, ಬಿ.ಪಿ. ಕುಸಿದು ಪ್ರಾಣಕ್ಕೇ ಕುತ್ತಾಗಬಹುದು. ಈ ಅಪಾಯ ತಗ್ಗಲೆಂದು ಮುಂಚೆಯೇ ಆಕ್ಟ್ರಿಯೋಟೈಡ್ ಕೊಡುವುದುಂಟು. ತಿಂಗಳ ಇಂಜೆಕ್ಷನ್ನನ್ನು ಹೊರಗಿಂದ ತರುವವರು 2ರಿಂದ 8 ಡಿಗ್ರಿ ತಂಪಿನಲ್ಲೇ ತರಬೇಕು. ಯಾದಗಿರಿ ಬಸ್ಸಿನಲ್ಲಿ ಮಧ್ಯಾಹ್ನ ಕೈಚೀಲದಲ್ಲಿಟ್ಟುಕೊಂಡು ಬಂದರೆ ಅಷ್ಟು ದುಡ್ಡಿನ ಔಷಧಿ ಕೆಡುತ್ತದೆ. ಮೆಡಿಕಲ್ ಅಂಗಡಿಯವರ ಹತ್ತಿರ ಐಸ್ ಡಬ್ಬಿ ಕೇಳಿ ಪಡೆಯಿರಿ.