ಆಂಟೆನಾದಿಂದ ಉತ್ತರಪತ್ರಿಕೆಗೆ: ವೈರ್‌ಲೆಸ್ ಪಾಠ ಸಾಗಿಬಂದ ದಾರಿ

ಬೆಂಗಳೂರಿನಲ್ಲಿ 5ಜಿ ಟವರ್‌ಗೆ ಬೇಕಾದ ಸಾಫ್ಟ್‌ವೇರ್ ಬರೆಯುವ ಕಂಪನಿಗಳಿವೆ, ಮೊಬೈಲ್ ಚಿಪ್ ವಿನ್ಯಾಸ ಮಾಡುವವೂ ಇವೆ. ಅದೇ ಊರಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅದೇ 5ಜಿಯ ಪಾಠ ನಡೆಯುತ್ತದೆ. ಆದರೂ ಎರಡೂ ಕಡೆ ಅಸಮಾಧಾನ. ಸಂದರ್ಶನಕ್ಕೆ ಬರುವವರಿಗೆ ಸೂತ್ರ ಬಾಯಿಪಾಠವಾಗಿರುತ್ತದೆ, ಸಿಗ್ನಲ್ ಅನ್ನು ಕಣ್ಣಾರೆ ಕಂಡಿರುವುದಿಲ್ಲ ಎಂದು ಕಂಪನಿಯವರು ಹೇಳುತ್ತಾರೆ. ಐದು ಮಾಡ್ಯೂಲ್ ಮುಗಿಸುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ ಎನ್ನುತ್ತಾರೆ ಅಧ್ಯಾಪಕರು. ಇಷ್ಟೆಲ್ಲ ಓದಿದ ಮೇಲೂ ಕೊನೆಗೆ ಕೈ ಹಿಡಿಯುವುದು ಜಾವಾ ಪ್ರೋಗ್ರಾಮಿಂಗ್ ಕೆಲಸ ತಾನೇ ಎಂಬುದು ವಿದ್ಯಾರ್ಥಿಗಳ ಪ್ರಶ್ನೆ. ಮೂವರ ಮಾತಿನಲ್ಲೂ ಸತ್ಯವಿದೆ. ಈ ಗೋಜಲಿನ ಎಳೆ ಹಿಡಿಯಬೇಕಾದರೆ ತುಸು ಹಿಂದಕ್ಕೆ ಹೋಗಬೇಕು.

ನಮ್ಮ ದೇಶದಲ್ಲಿ ವೈರ್‌ಲೆಸ್ ಶುರುವಾದದ್ದೇ ಕಾಲೇಜಿನ ಕೊಠಡಿಯಲ್ಲಿ. 1890ರ ದಶಕದಲ್ಲಿ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನ ಅಧ್ಯಾಪಕರಾಗಿದ್ದ ಜಗದೀಶಚಂದ್ರ ಬೋಸರು ಸ್ಥಳೀಯ ತಗಡಿನ ಕೆಲಸಗಾರನನ್ನು ಜೊತೆಗಿಟ್ಟುಕೊಂಡು ತಮ್ಮ ಉಪಕರಣಗಳನ್ನು ತಾವೇ ಮಾಡಿಸಿಕೊಂಡರು. ಕೆಲವೇ ಮಿಲಿಮೀಟರ್ ಉದ್ದದ ಅಲೆಗಳನ್ನು ಹುಟ್ಟಿಸಿ, ದೂರದಿಂದಲೇ ಗಂಟೆ ಬಾರಿಸಿ, ಮದ್ದಿನಪುಡಿ ಸಿಡಿಸಿ ತೋರಿಸಿದರು. ಇಂದು 5ಜಿ ಪಾಠದಲ್ಲಿ ‘ಮಿಲಿಮೀಟರ್ ವೇವ್’ ಎಂಬ ಅಧ್ಯಾಯ ಬಂದಾಗ ಈ ಹೆಸರನ್ನು ಹೇಳದೆ ಮುಂದೆ ಹೋಗುವುದು ನನಗಂತೂ ಸಾಧ್ಯವಾಗುವುದಿಲ್ಲ.

ಮೈಸೂರಿನಲ್ಲೂ ಹಾಗೆಯೇ ಆಯಿತು. 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದ 30 ವ್ಯಾಟ್‌ನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ‘ಆಕಾಶವಾಣಿ’ ಎಂಬ ಹೆಸರು ದೇಶಕ್ಕೆ ಸಿಕ್ಕಿದ್ದು ಅಲ್ಲಿಂದ. ಎಲೆಕ್ಟ್ರಾನಿಕ್ಸ್ ಪದವಿ ಇಲ್ಲದ ಮೇಷ್ಟರೊಬ್ಬರು ಆಂಟೆನಾ ಕಟ್ಟಿ ಊರಿಗೆ ಊರೇ ಕೇಳುವಂತೆ ಮಾಡಿದ ಕಾಲ ಅದು.

ಮುಂದಿನ ಐದು ದಶಕಗಳನ್ನು ಒಂದೇ ಉಸಿರಿನಲ್ಲಿ ಹೇಳಬಹುದು: 1946ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ವಿದ್ಯುತ್ ಸಂವಹನ ವಿಭಾಗ, 1948ರಲ್ಲಿ ಟೆಲಿಫೋನ್ ತಯಾರಿಸುವ ಐಟಿಐ, 1954ರಲ್ಲಿ ಸೇನೆಗೆ ಎಲೆಕ್ಟ್ರಾನಿಕ್ ಉಪಕರಣ ಮಾಡುವ ಬಿಇಎಲ್, 1984ರಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್ ರೂಪಿಸುವ ಸಿ-ಡಾಟ್. ಓದಿದವರಿಗೆ ಊರಲ್ಲೇ ಕಾರ್ಖಾನೆಯಿತ್ತು, ಕಾರ್ಖಾನೆಗೆ ಬೇಕಾದವರು ಊರಲ್ಲೇ ತಯಾರಾಗುತ್ತಿದ್ದರು.

ಇದರ ನಡುವೆ ಕಾನೂನಿನದೂ ಒಂದು ಕಥೆಯಿದೆ. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಪರವಾನಗಿಯಿಲ್ಲದೆ ರೇಡಿಯೊ ಉಪಕರಣವನ್ನು ಇಟ್ಟುಕೊಳ್ಳುವುದೇ ಅಪರಾಧವಾಗಿತ್ತು. ಅಂಚೆ ಕಚೇರಿಗೆ ಹೋಗಿ ರೇಡಿಯೊ ಲೈಸೆನ್ಸ್ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬಂದ ನೆನಪು ಹಿರಿಯರಿಗೆ ಇದ್ದೀತು. ಕೇಳುವ ಯಂತ್ರಕ್ಕಿದ್ದ ಆ ಕಟ್ಟು 1980ರ ದಶಕದಲ್ಲಿ ಸಡಿಲವಾಯಿತು, ಪ್ರಸಾರ ಮಾಡುವ ಯಂತ್ರಕ್ಕೆ ಆಗಲಿಲ್ಲ. ಕಾಲೇಜಿನ ಲ್ಯಾಬ್‌ನಲ್ಲಿ ಮೊಬೈಲಿನ ಆವರ್ತನದಲ್ಲಿ ಚಿಕ್ಕದೊಂದು ಸಿಗ್ನಲ್ ಕಳಿಸಿ ನೋಡೋಣವೆಂದರೂ ದೆಹಲಿಯ ಅನುಮತಿ ಬೇಕಿತ್ತು. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಪಟ್ಟಿಗೆ ಹೊರಾಂಗಣದಲ್ಲೂ ವಿನಾಯಿತಿ ಸಿಕ್ಕಿದ್ದು 2005ರಲ್ಲಿ. ಆ ಹೊತ್ತಿಗೆ ಪ್ರಯೋಗ ಮಾಡುವ ಅಭ್ಯಾಸವೇ ಬಹುತೇಕ ಕಾಲೇಜುಗಳಲ್ಲಿ ಬಿಟ್ಟುಹೋಗಿತ್ತು.

ನಾನು ಹತ್ತಿರದಿಂದ ಕಂಡದ್ದು ಅದರ ಮುಂದಿನ ಘಟ್ಟವನ್ನು. 1995ರ ಜುಲೈ 31ರಂದು ದೇಶದ ಮೊದಲ ಮೊಬೈಲ್ ಕರೆ ಹೋಯಿತು. 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಹುಟ್ಟಿ, ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳು ಒಂದೇ ಪಠ್ಯಕ್ರಮದಡಿ ಬಂದವು. ಅದೇ ಹೊತ್ತಿಗೆ ಜಗತ್ತಿನಲ್ಲಿ ವಿಷಯವೇ ಬೇರೆ ರೂಪ ಪಡೆಯುತ್ತಿತ್ತು. 1993ರಲ್ಲಿ ದಾರಿಯಲ್ಲಾದ ತಪ್ಪು ತಿದ್ದಿಕೊಳ್ಳುವ ಟರ್ಬೊ ಕೋಡ್, 1998ರಲ್ಲಿ ಎರಡು ಆಂಟೆನಾಗಳಿಂದ ಸಿಗ್ನಲ್ ಕಳಿಸುವ ಅಲಮೌಟಿ ಕೋಡ್. ನೌಕಾಪಡೆಯ ಅಧಿಕಾರಿಯಾಗಿ, ಶಬ್ದದಿಂದ ನೀರಿನೊಳಗಿನ ವಸ್ತು ಪತ್ತೆಹಚ್ಚುವ ಸೋನಾರ್ ಕಟ್ಟಿದ್ದ ಅರೋಗ್ಯಸ್ವಾಮಿ ಪೌಲ್‌ರಾಜ್ ಅವರು ಸ್ಟ್ಯಾನ್‌ಫರ್ಡ್‌ನಲ್ಲಿ ಹಲವು ಆಂಟೆನಾಗಳನ್ನು ಒಟ್ಟಿಗೆ ದುಡಿಸುವ ಮೈಮೋ ಕಲ್ಪನೆಗೆ ತಳಪಾಯ ಹಾಕಿದ್ದೂ ಆ ದಶಕದಲ್ಲೇ. ವೈರ್‌ಲೆಸ್ ಎಂದರೆ ಟ್ರಾನ್ಸ್‌ಮಿಟರ್, ರಿಸೀವರ್ ಎಂದಿದ್ದ ಕಾಲ ಹೋಗಿ, ಸಂಭವನೀಯತೆ ಮತ್ತು ಮ್ಯಾಟ್ರಿಕ್ಸ್‌ಗಳ ಗಣಿತ ಮುನ್ನೆಲೆಗೆ ಬಂತು.

ಈ ಗಣಿತ ಬೇಡದ ಹೊರೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಒಂದು ಉದಾಹರಣೆ ನೋಡಿ. ಟವರಿನಿಂದ ಹೊರಟ ಅಲೆ ಗೋಡೆ, ಲಾರಿ, ನೀರಿನ ಟ್ಯಾಂಕ್‌ಗಳಿಗೆ ಬಡಿದು ಹಲವು ದಾರಿಗಳಲ್ಲಿ ನಿಮ್ಮ ಫೋನ್ ತಲುಪುತ್ತದೆ. ಎರಡು ದಾರಿಯ ಅಲೆಗಳು ಒಂದರ ಏರಿಗೆ ಇನ್ನೊಂದರ ಇಳಿತ ಸೇರುವಂತೆ ಬಂದರೆ ಸಿಗ್ನಲ್ ಅಲ್ಲೇ ಇಂಗಿಹೋಗುತ್ತದೆ. 900 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್. ಅಂದರೆ ಫೋನನ್ನು ಒಂದು ಗೇಣು ಸರಿಸಿದರೆ ಸತ್ತ ಸಿಗ್ನಲ್ ಮತ್ತೆ ಜೀವ ಪಡೆಯಬಹುದು. ಇದೇ ಫೇಡಿಂಗ್. ಇದರ ಬೆಲೆ ಎಷ್ಟು ಎಂಬುದನ್ನು ಗಣಿತ ಹೇಳುತ್ತದೆ. ಸಾವಿರ ಬಿಟ್‌ಗೆ ಒಂದು ತಪ್ಪು ಸಾಕು ಎಂದುಕೊಂಡರೆ, ಬಿಟ್‌ಗಳನ್ನು ಅಲೆಯ ಮೇಲೇರಿಸುವ ಸರಳವಾದ ಬಿಪಿಎಸ್‌ಕೆ ಪದ್ಧತಿಗೆ ಫೇಡಿಂಗ್ ಇಲ್ಲದಾಗ ಗದ್ದಲಕ್ಕಿಂತ ಸುಮಾರು 7 ಡೆಸಿಬಲ್ ಹೆಚ್ಚಿನ ಸಿಗ್ನಲ್ ಸಾಕು. ನೇರ ಅಲೆಯಿಲ್ಲದೆ ಚದುರಿದ ಅಲೆಗಳಷ್ಟೇ ಬರುವ ರೇಲೆ ಫೇಡಿಂಗ್ ಇದ್ದರೆ 24 ಡೆಸಿಬಲ್ ಬೇಕು. ಹದಿನೇಳು ಡೆಸಿಬಲ್ ವ್ಯತ್ಯಾಸವೆಂದರೆ 50 ಪಟ್ಟು ಹೆಚ್ಚು ಶಕ್ತಿ! ರಿಸೀವರ್‌ಗೆ ಇನ್ನೊಂದು ಆಂಟೆನಾ ಸೇರಿಸಿ ಎರಡರ ಸಿಗ್ನಲನ್ನೂ ಸರಿಯಾಗಿ ಕೂಡಿಸಿದರೆ 24 ಇದ್ದದ್ದು 11ರ ಆಸುಪಾಸಿಗೆ ಇಳಿಯುತ್ತದೆ. ಎರಡು ಜಾಗದಲ್ಲಿ ಒಟ್ಟೊಟ್ಟಿಗೆ ಸಿಗ್ನಲ್ ಇಂಗುವುದು ಅಪರೂಪ ಎಂಬುದಷ್ಟೇ ಇದರ ಗುಟ್ಟು. ಫೋನಿನೊಳಗೆ ಒಂದಕ್ಕಿಂತ ಹೆಚ್ಚು ಆಂಟೆನಾ ಏಕಿವೆ ಎಂಬುದಕ್ಕೆ ಇಷ್ಟು ಅಂದವಾದ ಉತ್ತರ ಬೇರೆಲ್ಲೂ ಸಿಗದು.

ಆದರೆ ನಾವು ಇದನ್ನು ಕಲಿತ ಬಗೆಯೇ ಬೇರೆ. ಕಾಲೇಜಿನ ಲ್ಯಾಬ್‌ನಲ್ಲಿ ಮೂರು ಮೈಕ್ರೋವೇವ್ ಬೆಂಚುಗಳಿದ್ದವು, ಅವುಗಳಲ್ಲಿ ಒಂದು ಮಾತ್ರ ನಡೆಯುತ್ತಿತ್ತು. ಮೈಕ್ರೋವೇವ್ ಹುಟ್ಟಿಸುವ ಕ್ಲೈಸ್ಟ್ರಾನ್ ಕೊಳವೆ ಬಿಸಿಯಾಗುವವರೆಗೆ ಫ್ಯಾನ್ ಸದ್ದು ಕೇಳುತ್ತ ಕೂರುತ್ತಿದ್ದೆವು. ಮುಂದಿನ ಬ್ಯಾಚಿನವರು ಬಾಗಿಲಲ್ಲಿ ಬಂದು ನಿಂತಾಗ ಹಿಂದಿನ ವರ್ಷದವರ ರೆಕಾರ್ಡ್ ಬುಕ್ಕಿನಿಂದ ರೀಡಿಂಗ್ ಇಳಿಸಿಕೊಳ್ಳುತ್ತಿದ್ದೆವು. ಮೊಬೈಲ್ ಸಂವಹನಕ್ಕಂತೂ ಲ್ಯಾಬೇ ಇರಲಿಲ್ಲ. ಕಂಪ್ಯೂಟರಿನಲ್ಲಿ ಮ್ಯಾಟ್‌ಲ್ಯಾಬ್ ಪ್ರೋಗ್ರಾಂ ಓಡಿಸಿ, ತಪ್ಪಿನ ಪ್ರಮಾಣದ ಗೆರೆ ಕೆಳಗಿಳಿಯುವುದನ್ನು ನೋಡಿ, ಪ್ರಿಂಟ್ ತೆಗೆದು ಅಂಟಿಸಿದರೆ ಅಂಕ ಬರುತ್ತಿತ್ತು. ಆ ಗೆರೆಗೂ ಬಸ್ಸಿನಲ್ಲಿ ಕಡಿದುಹೋಗುವ ಕರೆಗೂ ಇರುವ ನಂಟನ್ನು ವೈವಾದಲ್ಲಿ ಯಾರೂ ಕೇಳಲಿಲ್ಲ. ಕೇಳಿದ್ದರೆ ನನಗೂ ಗೊತ್ತಿರಲಿಲ್ಲ.

ಇಲ್ಲಿ ಒಬ್ಬರತ್ತ ಬೆರಳು ತೋರಿಸುವುದು ಕಷ್ಟ. ಹೊಸ ಉಪಕರಣಗಳು ಲಕ್ಷಗಳಲ್ಲಿ ಬೆಲೆ ಬಾಳುತ್ತಿದ್ದವು. ನೂರಾರು ಕಾಲೇಜುಗಳಿಗೆ ಒಂದೇ ಪ್ರಶ್ನೆಪತ್ರಿಕೆ ಎಂದಮೇಲೆ ಎಲ್ಲರೂ ಉತ್ತರಿಸಬಲ್ಲ ಪ್ರಶ್ನೆಯನ್ನೇ ಕೇಳಬೇಕು. ಪಠ್ಯಕ್ರಮ ಬದಲಾಗಲು ವರ್ಷಗಳು ಬೇಕು, ತಂತ್ರಜ್ಞಾನ ಕಾಯುವುದಿಲ್ಲ. 4ಜಿ ಎಂದು ನಾವು ಕರೆಯುವ ಎಲ್‌ಟಿಇಯ ಮೊದಲ ಮಾನದಂಡ ಸಿದ್ಧವಾದದ್ದು 2008ರ ಕೊನೆಯಲ್ಲಿ. ಅದನ್ನು ಎಂಟನೇ ಸೆಮಿಸ್ಟರ್‌ನಲ್ಲಿ ಇಟ್ಟುಕೊಂಡಿದ್ದ ವಿಟಿಯು 2015ರ ಪಠ್ಯಕ್ರಮದ ಮೊದಲ ತಂಡ ಆ ಪಾಠಕ್ಕೆ ಬಂದು ಕುಳಿತದ್ದು 2019ರಲ್ಲಿ. ಆ ವರ್ಷದ ಏಪ್ರಿಲ್‌ನಲ್ಲಿ ದಕ್ಷಿಣ ಕೊರಿಯಾದ ಜನ 5ಜಿ ಬಳಸಲು ಆರಂಭಿಸಿದ್ದರು.

ಈ ಅಂತರವನ್ನು ಒಂದಿಷ್ಟು ತುಂಬಿದ್ದು ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳ ಯೋಜನೆ. ಐಐಟಿ ಮತ್ತು ಐಐಎಸ್‌ಸಿ ಪ್ರಾಧ್ಯಾಪಕರ ಉಪನ್ಯಾಸಗಳು ಉಚಿತವಾಗಿ ಸಿಕ್ಕವು. ಹಾಸ್ಟೆಲ್ ಕೋಣೆಯಲ್ಲಿ ನಾಲ್ಕು ಜನ ಒಂದು ಲ್ಯಾಪ್‌ಟಾಪ್ ಸುತ್ತ ಕುಳಿತು, ಮಾಹಿತಿಯನ್ನು ಹಲವು ಆವರ್ತನಗಳಿಗೆ ಹಂಚಿ ಕಳಿಸುವ ಒಎಫ್‌ಡಿಎಂ ವಿಧಾನವನ್ನು ಅರ್ಥಮಾಡಿಕೊಂಡದ್ದನ್ನು ನಾನು ಕಂಡಿದ್ದೇನೆ. ಅದೂ ಪಾಠವೇ ಹೊರತು ಪ್ರಯೋಗವಲ್ಲ, ನಿಜ. ಆದರೂ ಚೆನ್ನಾಗಿ ಕಲಿಸುವವರ ದನಿ ಸಣ್ಣ ಊರಿನ ಕಾಲೇಜಿಗೂ ತಲುಪಿತು.

5ಜಿ ಬಂದಮೇಲೆ ಸರ್ಕಾರವೂ ಚುರುಕಾಯಿತು. ಐಐಟಿ ಮದ್ರಾಸ್ ಮುಂದಾಳತ್ವದಲ್ಲಿ ಐಐಎಸ್‌ಸಿ ಸೇರಿ ಎಂಟು ಸಂಸ್ಥೆಗಳು ಕಟ್ಟಿದ ದೇಶೀಯ 5ಜಿ ಪರೀಕ್ಷಾ ವ್ಯವಸ್ಥೆ 2022ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. 2023ರ ಅಕ್ಟೋಬರ್‌ನಲ್ಲಿ ದೇಶದ 100 ಶಿಕ್ಷಣ ಸಂಸ್ಥೆಗಳಿಗೆ 5ಜಿ ಲ್ಯಾಬ್ ಘೋಷಣೆಯಾಯಿತು. ಒಳ್ಳೆಯ ಹೆಜ್ಜೆ. ಆದರೆ ವಿಟಿಯು ಒಂದಕ್ಕೇ ಸಂಯೋಜಿತವಾದ ಕಾಲೇಜುಗಳು 200ಕ್ಕೂ ಹೆಚ್ಚಿವೆ.

ಉಳಿದ ಕಾಲೇಜುಗಳಿಗೆ ದಾರಿ ತೆರೆದದ್ದು ಒಂದು ಸಣ್ಣ ಉಪಕರಣ. ಟಿವಿ ನೋಡಲೆಂದು ಮಾಡಿದ್ದ ಯುಎಸ್‌ಬಿ ಡಾಂಗಲ್ ಅನ್ನು ಕಂಪ್ಯೂಟರ್ ಮೂಲಕ ಬೇಕಾದ ಆವರ್ತನಕ್ಕೆ ತಿರುಗಿಸಬಲ್ಲ ರೇಡಿಯೊ ಆಗಿ ಬಳಸಬಹುದೆಂದು 2012ರ ಹೊತ್ತಿಗೆ ಹವ್ಯಾಸಿಗಳು ಕಂಡುಕೊಂಡರು. ಅದರ ಜೊತೆ ಬಳಸುವ ಗ್ನೂ ರೇಡಿಯೊ ತಂತ್ರಾಂಶ ಉಚಿತ. ಡಾಂಗಲ್ ಕೇಳಿಸಿಕೊಳ್ಳುತ್ತದಷ್ಟೇ, ಪ್ರಸಾರ ಮಾಡುವುದಿಲ್ಲ. ಬೆಲೆ ಕೆಲವು ಸಾವಿರ ರೂಪಾಯಿ.

ಈಚೆಗೆ ಪರಿಚಿತ ಅಧ್ಯಾಪಕರೊಬ್ಬರ ತರಗತಿಗೆ ಹೋಗಿದ್ದೆ. ಪಠ್ಯಕ್ರಮದಲ್ಲಿ ಇಲ್ಲದ ತರಗತಿ, ಶನಿವಾರ ಮಧ್ಯಾಹ್ನ. ಪರದೆಯ ಮೇಲೆ 101.3 ಮೆಗಾಹರ್ಟ್ಸ್‌ನ ಎಫ್‌ಎಂ ಸಿಗ್ನಲ್ ಗುಡ್ಡದಂತೆ ಎದ್ದು ನಿಂತಿತ್ತು. ಉದ್ದನೆಯ ಕೇಬಲ್ಲಿನ ತುದಿಯಲ್ಲಿದ್ದ ಆಂಟೆನಾ ಹಿಡಿದು ಹುಡುಗಿಯೊಬ್ಬಳು ಕಿಟಕಿಯಿಂದ ಹಿಂದಕ್ಕೆ ಎರಡು ಹೆಜ್ಜೆ ಇಟ್ಟಳು. ಗುಡ್ಡ ಕುಸಿಯಿತು. ಮತ್ತೆ ಎರಡು ಹೆಜ್ಜೆ ಇಟ್ಟಳು, ಅದು ಎದ್ದಿತು. “ಸರ್, ಫೇಡಿಂಗ್!” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಅಷ್ಟರಲ್ಲಿ ಇನ್ನೊಬ್ಬ ಹುಡುಗ ಟೇಪು ತಂದು ನೆಲದ ಮೇಲೆ ಅಳೆಯಲು ಶುರುಮಾಡಿದ್ದ. ಆ ಆವರ್ತನದಲ್ಲಿ ಅಲೆಯ ಉದ್ದ ಹೆಚ್ಚೂಕಡಿಮೆ ಮೂರು ಮೀಟರ್ ಎಂಬುದನ್ನು ಅವನು ಆಗಲೇ ಅಂಗೈಯಲ್ಲಿ ಲೆಕ್ಕ ಹಾಕಿಕೊಂಡಿದ್ದ.