ಬಿದ್ರಿಯ ಕಪ್ಪು ಎಲ್ಲಿಂದ ಬಂತು?

ಮದುವೆಗೋ ಬೀಳ್ಕೊಡುಗೆಗೋ ಬಂದ ಬಿದ್ರಿ ಹೂದಾನಿ ನಮ್ಮಲ್ಲಿ ಎಷ್ಟೋ ಮನೆಗಳ ಶೋಕೇಸಿನಲ್ಲಿ ಇರುತ್ತದೆ. ಕಾಡಿಗೆಯಂಥ ಕಪ್ಪು, ಅದರ ಮೇಲೆ ಬೆಳ್ಳಿಯ ಬಳ್ಳಿ. ಕಬ್ಬಿಣಕ್ಕೆ ಕಪ್ಪು ಬಣ್ಣ ಬಳಿದಿದ್ದಾರೆ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಅದರಲ್ಲಿ ಕಬ್ಬಿಣವೂ ಇಲ್ಲ, ಬಣ್ಣವೂ ಇಲ್ಲ.

ಇರುವುದು ಸತು. ಜೊತೆಗೆ ಚೂರು ತಾಮ್ರ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಅನ್ನುವುದು ಸಾಮಾನ್ಯ ಲೆಕ್ಕ. ಬಹಮನಿ ಸುಲ್ತಾನರ ಕಾಲದಲ್ಲಿ ಬೀದರಿನಲ್ಲಿ ಈ ಕಸುಬು ಬೇರೂರಿತು ಎನ್ನುತ್ತಾರೆ. ಆಗ ಸತು ಸುಮ್ನೆ ಸಿಗುವ ಲೋಹವಲ್ಲ. ಅದಿರಿನಿಂದ ಬಿಡಿಸಲು ಹತ್ತಿರ ಹತ್ತಿರ 1000 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ಸತುವೋ 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಕುಲುಮೆಯಲ್ಲಿ ಲೋಹ ಸಿಗುವ ಬದಲು ಹೊಗೆಯಾಗಿ ಹಾರಿಹೋಗುತ್ತದೆ! ರಾಜಸ್ಥಾನದ ಜಾವರ್‌ನ ಕೆಲಸಗಾರರು ಮಣ್ಣಿನ ಮೂಸೆಗಳನ್ನು ಬೋರಲು ಹಾಕಿ, ಆ ಆವಿಯನ್ನು ಕೆಳಗಿನ ತಂಪು ಜಾಗಕ್ಕೆ ಇಳಿಸಿ ಹಿಡಿಯುತ್ತಿದ್ದರು. ಇಂಗ್ಲೆಂಡಿನ ವಿಲಿಯಂ ಚಾಂಪಿಯನ್ ಆವಿಯಿಂದ ಸತು ಇಳಿಸುವ ವಿಧಾನಕ್ಕೆ ಪೇಟೆಂಟ್ ಪಡೆದದ್ದು 1738ರಲ್ಲಿ.

ಬಿದ್ರಿ ಕೆಲಸ ಶುರುವಾಗುವುದು ಮರಳಿನ ಅಚ್ಚಿನಲ್ಲಿ ಎರಕ ಹೊಯ್ಯುವುದರಿಂದ. ಅರ ಹಾಕಿ ನುಣುಪು ಮಾಡಿದ ಪಾತ್ರೆ ಬೂದು ಬಣ್ಣಕ್ಕಿರುತ್ತದೆ. ಅದಕ್ಕೆ ಮೈಲುತುತ್ತದ ನೀರು ಸವರುತ್ತಾರೆ. ಅಡಿಕೆ ತೋಟದವರು ಔಷಧಿಗೆ ಸುಣ್ಣದ ಜೊತೆ ಬೆರೆಸುತ್ತಾರಲ್ಲ, ಅದೇ. ಸತು ಆ ನೀರಿನೊಳಗಿನ ತಾಮ್ರವನ್ನು ಎಳೆದುಕೊಂಡು ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಈ ಕಪ್ಪು ಬರೀ ಗೆರೆ ಕಾಣುವುದಕ್ಕೆ. ಉಳಿಯಲ್ಲಿ ಚಿತ್ತಾರ ಕೊರೆದು, ಆ ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ಇಲ್ಲವೇ ತಗಡು ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾರೆ. ಅಂಟು ಇಲ್ಲ, ಬೆಸುಗೆಯೂ ಇಲ್ಲ. ಆಮೇಲೆ ಉಜ್ಜಿದರೆ ಕಪ್ಪು ಹೋಗಿ, ಬೆಳ್ಳಿಗೂ ಸತುವಿಗೂ ವ್ಯತ್ಯಾಸವೇ ತಿಳಿಯದ ಹಾಗಾಗುತ್ತದೆ.

ನಿಜವಾದ ಕಪ್ಪು ಬರುವುದು ಈಗ. ಬೀದರ್ ಕೋಟೆಯ ಹಳೆಯ ಮಣ್ಣು, ಕಲಾಯಿ ಹಾಕುವವರು ಬಳಸುವ ನವಸಾಗರ, ಎರಡನ್ನೂ ನೀರಿನಲ್ಲಿ ಕುದಿಸಿ ಅದರಲ್ಲಿ ಪಾತ್ರೆಯನ್ನು ಅದ್ದುತ್ತಾರೆ. ಮೇಲ್ಪದರದ ಸತು ಕರಗುತ್ತಾ ಹೋಗುತ್ತದೆ. ಸುಲಭಕ್ಕೆ ಕರಗದ ತಾಮ್ರ ಅಲ್ಲೇ ಉಳಿದು, ಆಮ್ಲಜನಕದ ಜೊತೆ ಸೇರಿ ಕಪ್ಪು ಪದರವಾಗುತ್ತದೆ. ಬೆಳ್ಳಿ ಮಾತ್ರ ಇದಕ್ಕೆಲ್ಲ ಜಗ್ಗುವುದಿಲ್ಲ, ಹೊಳೆಯುತ್ತಲೇ ಇರುತ್ತದೆ. ಎಲ್ಲರೂ ಮಣ್ಣನ್ನೇ ಹೊಗಳುತ್ತಾರೆ. ನನಗೇನೋ ಅರ್ಧ ಶ್ರೇಯಸ್ಸು ಆ ಚೂರು ತಾಮ್ರಕ್ಕೆ ಸಲ್ಲಬೇಕು ಅನ್ನಿಸುತ್ತದೆ. ಬರೀ ಸತುವಾಗಿದ್ದರೆ ಈ ಕಪ್ಪು ಹುಟ್ಟುತ್ತಲೇ ಇರಲಿಲ್ಲ.

ಹಾಗಂತ ಮಣ್ಣಿನ ಮಾತು ಕಟ್ಟುಕತೆಯಲ್ಲ. ಬಿಸಿಲು, ಮಳೆ ತಾಗದ ಮೂಲೆಯ ಮಣ್ಣೇ ಬೇಕು ಎನ್ನುತ್ತಾರೆ ಕುಶಲಕರ್ಮಿಗಳು. ಅದಕ್ಕೆ ಕಾರಣವಿದೆ. ಹಳೆಯ ಕಟ್ಟಡಗಳಲ್ಲಿ ಬಾವಲಿ, ಹಕ್ಕಿ, ದನಕರುಗಳ ಹಿಕ್ಕೆ ಗಂಜಲ ಮಣ್ಣಿಗೆ ಸೇರುತ್ತವೆ. ಮಣ್ಣಿನ ಬ್ಯಾಕ್ಟೀರಿಯಾಗಳು ಅದರಲ್ಲಿನ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಹೀಗೆ ಕೂಡುವ, ಕಪ್ಪು ಬರಲು ನೆರವಾಗುವ ಉಪ್ಪುಗಳಲ್ಲಿ ಪೆಟ್ಲುಪ್ಪೂ ಒಂದು. ಫಿರಂಗಿಯ ಮದ್ದಿಗೂ ಅದೇ ಬೇಕಿತ್ತು ಅಲ್ವಾ? ನೈಟ್ರೇಟ್ ನೀರಿನಲ್ಲಿ ಬೇಗ ಕರಗುತ್ತದೆ. ಒಂದು ಜೋರು ಮಳೆ ಬಿದ್ದರೆ ಕೊಚ್ಚಿಕೊಂಡು ಹೋಗುತ್ತದೆ. ಸೂರಿನ ಕೆಳಗಿನ ಮಣ್ಣಿನಲ್ಲಿ ಉಳಿಯುತ್ತದೆ. ಮಣ್ಣು ಆರಿಸುವವರು ಚಿಟಿಕೆ ತೆಗೆದು ನಾಲಗೆಗೆ ಹಚ್ಚಿ ನೋಡುವುದೂ ಇದಕ್ಕೇ. ಉಪ್ಪಿನಂಶ ಇದೆಯೋ ಇಲ್ಲವೋ ನಾಲಗೆಗೆ ತಕ್ಷಣ ಗೊತ್ತಾಗುತ್ತದೆ.

ಶೋಕೇಸಿನ ಹೂದಾನಿ ಮಂಕಾದರೆ ಹಿತ್ತಾಳೆ ಪಾತ್ರೆಗೆ ಹಚ್ಚಿದ ಹಾಗೆ ಹುಣಸೆಹಣ್ಣು ಹಚ್ಚಬೇಡಿ. ಆ ಕಪ್ಪು ಪದರ ತೀರಾ ತೆಳು, ಹುಳಿಗೆ ಕರಗಿಬಿಡುತ್ತದೆ. ಮೆತ್ತನೆ ಬಟ್ಟೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಸಾಕು.